ಛರ್ರಾದ ವೇಗ ಅಳೆಯೋದು ಹೇಗೆ? ಕ್ರೋನೋಗ್ರಾಫ್ ಆರಿಸುವ, ಬಳಸುವ ಬಗೆ

ಹೋದ ಮಳೆಗಾಲದಲ್ಲಿ ನನ್ನ ಮಗಳ ಏರ್ ರೈಫಲ್ ಗುರಿ ಕೆಳಗೆ ಬೀಳತೊಡಗಿತು. ಒಂದೇ ದಿನದಲ್ಲಿ ಅಲ್ಲ, ವಾರಕ್ಕೊಂದಿಷ್ಟು. ಅವಳು ಪ್ರತಿ ಸಲ ಗುರಿ ಹಿಡಿಯಲು ನೋಡುವ ಹಿಂದಿನ ಸೈಟನ್ನು ಒಂದೆರಡು ಕ್ಲಿಕ್ ಮೇಲೆ ತಿರುವುತ್ತಿದ್ದಳು. ಒಂದೆರಡು ದಿನ ಸರಿಹೋಗುತ್ತಿತ್ತು, ಮತ್ತೆ ಅದೇ ಕತೆ. ಉಸಿರು ಸರಿ ಇಲ್ಲ, ನಿಲುವು ಸರಿ ಇಲ್ಲ ಅಂತ ತನ್ನನ್ನೇ ಬೈದುಕೊಳ್ಳುತ್ತಿದ್ದಳು.

ಪುಣೆಯಲ್ಲಿ ನಾವು ಹೋಗುವ ರೇಂಜಿನಲ್ಲಿ ಬಂದೂಕು ರಿಪೇರಿ ಮಾಡುವ ಕಾಕಾ ಒಬ್ಬರಿದ್ದಾರೆ. ಬೆಳಗಾವಿಯವರು, ಸೈನ್ಯದಿಂದ ನಿವೃತ್ತರಾದ ಹವಾಲ್ದಾರರು. ಎರಡು ವಾರ ಸುಮ್ನೆ ನೋಡಿದ ಅವರು ಒಂದು ದಿನ ಹತ್ತಿರ ಬಂದರು. “ತಂಗಿ, ಸೈಟ್ ತಿರುವೂದು ಬಿಡು. ಮೊದಲ ಬಂದೂಕಿನ ನಾಡಿ ಹಿಡಿದು ನೋಡೂಣು” ಅಂದರು. ಅಂಗೈಗಿಂತ ಸ್ವಲ್ಪ ದೊಡ್ಡ ಪೆಟ್ಟಿಗೆಯೊಂದನ್ನು ಮೇಜಿನ ಮೇಲೆ ಇಟ್ಟರು. ಅದೇ ಕ್ರೋನೋಗ್ರಾಫ್, ಛರ್ರಾದ, ಅಂದರೆ ಏರ್ ರೈಫಲ್‌ನಿಂದ ಹಾರುವ ಚಿಕ್ಕ ಸೀಸದ ಗುಂಡಿನ, ವೇಗ ಅಳೆಯುವ ಯಂತ್ರ.

ಪುಣೆಯಲ್ಲಿ ಶೂಟಿಂಗ್ ಕಲಿಯುವ ಮಕ್ಕಳು ಈಗ ಜಾಸ್ತಿ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕೊಲ್ಹಾಪುರದ ಕಡೆಯ ಸ್ವಪ್ನಿಲ್ ಕುಸಾಳೆ ಕಂಚು ಗೆದ್ದ ಮೇಲಂತೂ ನಮ್ಮ ಕನ್ನಡ ಮನೆಗಳಲ್ಲೂ ಬಾಲೇವಾಡಿಯ ಶೂಟಿಂಗ್ ರೇಂಜಿನ ಮಾತು ಬರುತ್ತದೆ. ಸಾವಿರಾರು ರೂಪಾಯಿ ಕೊಟ್ಟು ಜಾಕೆಟ್, ಶೂ ಕೊಡಿಸುತ್ತೇವೆ. ಬಂದೂಕು ಹೇಗಿದೆ ಅಂತ ಹೇಳುವ ಈ ಪೆಟ್ಟಿಗೆ ಮಾತ್ರ ಹೆಚ್ಚಿನವರಿಗೆ ಗೊತ್ತೇ ಇಲ್ಲ.

ಯಾವುದನ್ನು ಕೊಳ್ಳಬೇಕು?

ಮೊದಲು ಕೆಲಸ ಮಾಡುವ ರೀತಿ ತಿಳಿದುಕೊಳ್ಳಿ. ಹಳೆಯ, ಅಗ್ಗದ ಬಗೆಯಲ್ಲಿ ಎರಡು ಬೆಳಕಿನ ಕಣ್ಣುಗಳಿರುತ್ತವೆ. ಸಾಮಾನ್ಯವಾಗಿ ಒಂದಕ್ಕೊಂದು ಒಂದಡಿ, ಅಂದರೆ ಸುಮಾರು 30 ಸೆಂಟಿಮೀಟರ್ ದೂರ. ಛರ್ರಾ ಮೊದಲ ಕಣ್ಣಿನ ಮೇಲೆ ಹಾದಾಗ ನೆರಳು ಬೀಳುತ್ತದೆ, ಗಡಿಯಾರ ಶುರು. ಎರಡನೆಯದರ ಮೇಲೆ ಹಾದಾಗ ಗಡಿಯಾರ ನಿಲ್ಲುತ್ತದೆ. ದೂರವನ್ನು ಸಮಯದಿಂದ ಭಾಗಿಸಿದರೆ ವೇಗ. ಸೆಕೆಂಡಿಗೆ 172 ಮೀಟರ್ ಓಡುವ ಛರ್ರಾಕ್ಕೆ ಈ ಒಂದಡಿ ದಾಟಲು ಸೆಕೆಂಡಿನ ಸಾವಿರದ ಒಂದು ಭಾಗದ ಎರಡು ಪಟ್ಟೂ ಬೇಡ.

ಈ ಬಗೆಗೆ ಬೆಳಕೇ ಜೀವ, ಬೆಳಕೇ ಶತ್ರು. ತೆಳು ಮೋಡ ಕವಿದ ಆಕಾಶ ಇದಕ್ಕೆ ಹೇಳಿ ಮಾಡಿಸಿದ್ದು. ಮಧ್ಯಾಹ್ನದ ಸುಡುಬಿಸಿಲಿದ್ದರೆ ಜೊತೆಗೆ ಬರುವ ಬಿಳಿ ಪ್ಲಾಸ್ಟಿಕ್ ಪಟ್ಟಿಗಳನ್ನು ಮೇಲೆ ಹಾಕಲೇಬೇಕು. ಒಳಾಂಗಣದಲ್ಲಿ ಇನ್ನೊಂದು ತೊಂದರೆ. ನಮ್ಮ ಕರೆಂಟು 50 ಹರ್ಟ್ಸ್‌ನದು. ಹಳೆಯ ಟ್ಯೂಬ್‌ಲೈಟು, ಅಗ್ಗದ ಎಲ್‌ಇಡಿ ಸೆಕೆಂಡಿಗೆ 100 ಸಲ ಮಿಣುಕುತ್ತವೆ. ನಮ್ಮ ಕಣ್ಣಿಗೆ ಕಾಣದ ಆ ಮಿಣುಕನ್ನು ಪೆಟ್ಟಿಗೆ ಛರ್ರಾ ಅಂತ ತಿಳಿದು ತಪ್ಪು ಅಂಕಿ ತೋರಿಸುತ್ತದೆ. ಹಾಗಾಗಿ ಒಳಗೆ ಅಳೆಯುವವರು ತನ್ನದೇ ಇನ್‌ಫ್ರಾರೆಡ್ ದೀಪ ಇರುವ ಮಾದರಿಯನ್ನೇ ನೋಡಿ. ಇಲ್ಲವಾದರೆ ಹಳೇ ಕಾಲದ ತಂತಿ ಬಲ್ಬನ್ನು ಮೇಲೆ ಹಿಡಿದರೂ ನಡೆಯುತ್ತದೆ.

ಎರಡನೆಯ ಬಗೆ ನಳಿಗೆಯ ತುದಿಗೇ ಸಿಕ್ಕಿಸುವಂಥದು. ಚಿಕ್ಕದು, ಹೊರಗಿನ ಬೆಳಕಿನ ಗೊಡವೆ ಇಲ್ಲ. ಏರ್ ರೈಫಲ್‌ಗೆ ಚೆನ್ನಾಗಿ ಹೊಂದುತ್ತದೆ. ಆದರೆ ನಳಿಗೆಯ ತೂಕ ಬದಲಾಗುವುದರಿಂದ ಅದು ಇದ್ದಾಗ ಗುರಿ ಎಲ್ಲಿ ಬಿತ್ತು ಅಂತ ಲೆಕ್ಕ ಹಿಡಿಯಬಾರದು. ವೇಗ ಮಾತ್ರ ನೋಡಿ.

ಮೂರನೆಯದು ರೇಡಾರ್. ಗಾರ್ಮಿನ್, ಲ್ಯಾಬ್‌ರಾಡಾರ್ ಮುಂತಾದ ಕಂಪನಿಗಳು ಮಾಡುತ್ತವೆ. ಪಕ್ಕದಲ್ಲಿಟ್ಟು ಗುರಿಯ ಕಡೆ ಮುಖ ಮಾಡಿದರೆ ಸಾಕು, ಛರ್ರಾ ಯಾವುದರ ಮೇಲೂ ಹಾಯಬೇಕಿಲ್ಲ. ಬೆಳಕು ಹೇಗಿದ್ದರೂ ಸರಿ. ಬೆಲೆ ಮಾತ್ರ ಬೆಳಕಿನ ಪೆಟ್ಟಿಗೆಯ ಹಲವು ಪಟ್ಟು. ಪಕ್ಕದ ಲೇನಿನವರ ಹೊಡೆತವನ್ನೂ ಕೆಲವೊಮ್ಮೆ ಇದು ನಿಮ್ಮದೆಂದು ಎಣಿಸುವುದುಂಟು.

ನನ್ನ ಅಭಿಪ್ರಾಯ ಕೇಳಿದರೆ, ಒಬ್ಬ ಮಗುವಿಗಾಗಿ ರೇಡಾರ್ ಕೊಳ್ಳಬೇಡಿ. ನಾಲ್ಕೈದು ಮನೆಯವರು ಸೇರಿ ಇನ್‌ಫ್ರಾರೆಡ್ ದೀಪದ ಒಂದು ಪೆಟ್ಟಿಗೆ ಕೊಂಡರೆ ಬೇಕಾದಷ್ಟಾಯಿತು. ತಿಂಗಳಿಗೊಮ್ಮೆ ಬಳಸುವ ವಸ್ತು ಅದು.

ಇಡುವುದು ಹೇಗೆ?

ಅಳತೆಯನ್ನು ರೇಂಜಿನಲ್ಲೇ ಮಾಡಿ, ಅಲ್ಲಿಯವರಿಗೆ ಹೇಳಿ ಮಾಡಿ. ಸೊಸೈಟಿಯ ಟೆರೇಸು, ಪಾರ್ಕಿಂಗು ಇದಕ್ಕೆ ಜಾಗವಲ್ಲ. ಛರ್ರಾ ತಡೆಯುವ ಪೆಟ್ಟಿಗೆ ಎದುರಿಗಿರಲಿ, ಕಣ್ಣಿಗೆ ಕನ್ನಡಕವಿರಲಿ. ಪೆಟ್ಟಿಗೆ ಇಡಲು ಯಾರಾದರೂ ಮುಂದೆ ಹೋಗುವಾಗ ರೈಫಲ್ ಖಾಲಿ ಇರಬೇಕು, ಮೇಜಿನ ಮೇಲಿರಬೇಕು, ಯಾರ ಕೈಯೂ ಅದರ ಮೇಲಿರಬಾರದು.

ಮೊದಲು ಹೊಸ ಬ್ಯಾಟರಿ ಹಾಕಿ. ಸೋತ ಬ್ಯಾಟರಿ ಇದ್ದಾಗ ಪೆಟ್ಟಿಗೆ ಸುಮ್ಮನಿರುವುದಿಲ್ಲ, ತಪ್ಪು ಅಂಕಿಯನ್ನೇ ಧೈರ್ಯವಾಗಿ ತೋರಿಸುತ್ತದೆ. ಏರ್ ರೈಫಲ್ ಆದರೆ ನಳಿಗೆಯ ತುದಿಯಿಂದ ಅರ್ಧ ಮೀಟರಿನಿಂದ ಒಂದು ಮೀಟರಿನೊಳಗೆ ಇಡಿ. ಒಂದು ದೂರ ಆರಿಸಿದ ಮೇಲೆ ಪ್ರತಿ ಸಲ ಅದೇ ದೂರ. ಛರ್ರಾ ಗಾಳಿಯಲ್ಲಿ ಬೇಗ ವೇಗ ಕಳೆದುಕೊಳ್ಳುತ್ತದೆ. ಇವತ್ತು ಅರ್ಧ ಮೀಟರ್, ನಾಳೆ ಮೂರು ಮೀಟರ್ ಅಂದರೆ ಎರಡು ಅಂಕಿಗಳನ್ನು ಹೋಲಿಸುವುದರಲ್ಲಿ ಅರ್ಥವಿಲ್ಲ. ಮದ್ದು ಬಳಸುವ ರೈಫಲ್ ಆದರೆ ಮೂರು ಮೀಟರಾದರೂ ಮುಂದಿಡಬೇಕು. ಇಲ್ಲದಿದ್ದರೆ ಗುಂಡಿಗಿಂತ ಮೊದಲು ನುಗ್ಗುವ ಅನಿಲವೇ ಗಡಿಯಾರ ಶುರು ಮಾಡಿಬಿಡುತ್ತದೆ.

ಪೆಟ್ಟಿಗೆ ನಳಿಗೆಗೆ ನೇರವಾಗಿರಲಿ. ಓರೆಯಾದರೆ ಛರ್ರಾ ಒಂದಡಿಗಿಂತ ಜಾಸ್ತಿ ದೂರ ಹಾಯುತ್ತದೆ, ಪೆಟ್ಟಿಗೆ ಅದನ್ನು ಒಂದಡಿ ಎಂದೇ ಎಣಿಸುತ್ತದೆ. ಅಂಕಿ ಕಡಿಮೆ ಬರುತ್ತದೆ. 5 ಡಿಗ್ರಿ ಓರೆಗೆ ತಪ್ಪು ಶೇಕಡಾ 0.4ರಷ್ಟು. 172ರಲ್ಲಿ ಅದು 0.7 ಮೀಟರ್. ಸಣ್ಣದು ಅನ್ನಿಸಬಹುದು, ಆದರೆ ನಾವು ಹುಡುಕುವ ವ್ಯತ್ಯಾಸವೂ ಅಷ್ಟೇ ಸಣ್ಣದು. ಛರ್ರಾ ಕಣ್ಣುಗಳ ಮೇಲೆ ಹತ್ತು ಸೆಂಟಿಮೀಟರ್ ಎತ್ತರದಲ್ಲಿ ಹಾಯುವಂತೆ ನೋಡಿಕೊಳ್ಳಿ. ತುಂಬಾ ಮೇಲಾದರೆ 4.5 ಮಿಲಿಮೀಟರಿನ ಆ ಚಿಕ್ಕ ನೆರಳು ಪೆಟ್ಟಿಗೆಗೆ ಕಾಣುವುದಿಲ್ಲ. ತುಂಬಾ ಕೆಳಗಾದರೆ ಪೆಟ್ಟಿಗೆಯೇ ಒಡೆಯುತ್ತದೆ. ಸೈಟು ನಳಿಗೆಗಿಂತ ಮೇಲಿರುತ್ತದೆ ಎಂಬುದು ನೆನಪಿರಲಿ. ಸೈಟಿನಲ್ಲಿ ದಾರಿ ಖಾಲಿ ಕಂಡರೂ ನಳಿಗೆಯ ಎದುರು ಪೆಟ್ಟಿಗೆ ಇರಬಹುದು.

ಹತ್ತು ಹೊಡೆತ

ಮೊದಲ ಮೂರ್ನಾಲ್ಕು ಹೊಡೆತ ಲೆಕ್ಕಕ್ಕಿಲ್ಲ. ಸ್ಪ್ರಿಂಗ್ ಬಂದೂಕಿನಲ್ಲಂತೂ ಈಚೆಗೆ ಎಣ್ಣೆ ಹಾಕಿದ್ದರೆ ಅದು ಒಳಗೆ ಉರಿದು ವೇಗ ವಿಪರೀತ ಏರುತ್ತದೆ. ಆಮೇಲೆ ಒಂದೇ ಡಬ್ಬಿಯ ಛರ್ರಾ, ಒಂದೇ ಸಮನೆ ಹತ್ತು ಹೊಡೆತ. ಮೂರು ಹೊಡೆದು ನಿಲ್ಲಿಸಬೇಡಿ. ಮೂರು ಅಂಕಿ ಹತ್ತಿರ ಹತ್ತಿರ ಬರುವುದು ಬರೀ ಅದೃಷ್ಟವೂ ಆಗಿರಬಹುದು.

ಪ್ರತಿ ಅಂಕಿಯನ್ನೂ ಪುಸ್ತಕದಲ್ಲಿ ಬರೆಯಿರಿ. ತಾರೀಕು, ಛರ್ರಾದ ತೂಕ, ಗಾಳಿ ತುಂಬುವ ಸಿಲಿಂಡರಿನ ಒತ್ತಡ, ಪೆಟ್ಟಿಗೆಯ ದೂರ ಕೂಡ. ಪೆಟ್ಟಿಗೆ ಅಡಿಯಲ್ಲಿ ತೋರಿಸಿದರೆ 0.3048ರಿಂದ ಗುಣಿಸಿ, ಮೀಟರ್ ಸಿಗುತ್ತದೆ.

ಉದಾಹರಣೆಗೆ ಹೀಗೆ ಬಂದಿದೆ ಅನ್ನಿ: 172.1, 171.6, 172.4, 171.9, 172.8, 171.5, 172.2, 172.0, 171.7, 172.3. ಸರಾಸರಿ 172. ಅತಿ ಜಾಸ್ತಿಗೂ ಅತಿ ಕಡಿಮೆಗೂ ನಡುವಿನ ಅಂತರ 1.3. ನೋಡಬೇಕಾದ ಮುಖ್ಯ ಅಂಕಿ ಈ ಎರಡನೆಯದು. ಹೆಚ್ಚಿನವರು ಸರಾಸರಿ ನೋಡಿ ಖುಷಿಪಡುತ್ತಾರೆ. ಗುರಿಗೆ ಬೇಕಾದದ್ದು ಹೆಚ್ಚು ವೇಗ ಅಲ್ಲ, ಪ್ರತಿ ಸಲ ಅದೇ ವೇಗ.

ಯಾಕೆ ಅಂತ ಲೆಕ್ಕ ಹಾಕೋಣ. ಗಾಳಿಯ ತಡೆ ಸದ್ಯಕ್ಕೆ ಬಿಡಿ. 172ರ ವೇಗದಲ್ಲಿ 10 ಮೀಟರ್ ದಾಟಲು 0.058 ಸೆಕೆಂಡು ಬೇಕು. ಅಷ್ಟರಲ್ಲಿ ಛರ್ರಾ 16.6 ಮಿಲಿಮೀಟರ್ ಕೆಳಗೆ ಬೀಳುತ್ತದೆ. ವೇಗ 1.3 ಬದಲಾದರೆ ಬೀಳುವುದು ಕಾಲು ಮಿಲಿಮೀಟರ್ ಬದಲಾಗುತ್ತದೆ. 10 ಮೀಟರ್ ರೈಫಲ್ ಸ್ಪರ್ಧೆಯಲ್ಲಿ ಕಾಲು ಮಿಲಿಮೀಟರ್ ಅಂದರೆ 0.1 ಅಂಕ. ಅರುವತ್ತು ಹೊಡೆತದ ಆಟ ಅದು, ಫೈನಲ್ ತಪ್ಪುವುದು ಅಷ್ಟಕ್ಕೇ ಅಲ್ವಾ?

ಮಗಳ ರೈಫಲ್ ಅವತ್ತು ತೋರಿಸಿದ ಸರಾಸರಿ 163. ಅಂತರ ಆರಕ್ಕಿಂತ ಜಾಸ್ತಿ. 163ರಲ್ಲಿ ಛರ್ರಾ 18.5 ಮಿಲಿಮೀಟರ್ ಬೀಳುತ್ತದೆ. ಅಂದರೆ ಮೊದಲಿಗಿಂತ ಸುಮಾರು 2 ಮಿಲಿಮೀಟರ್ ಕೆಳಗೆ, ಮುಕ್ಕಾಲು ಅಂಕ ಹೋಯಿತು. “ನೋಡ್ರಿ ಬಾಯಾರ, ಹುಡುಗಿದು ತಪ್ಪಿಲ್ಲ” ಅಂದರು ಕಾಕಾ. ಬಿಚ್ಚಿ ನೋಡಿದರೆ ಒಳಗೆ ಗಾಳಿ ಸೋರದಂತೆ ತಡೆಯುವ ಒಂದು ಸೀಲ್ ಸವೆದಿತ್ತು. ಹೊಸದು ಹಾಕಿ ಮತ್ತೆ ಹತ್ತು ಹೊಡೆದಾಗ ಅಂಕಿ 172ಕ್ಕೆ ಬಂದು ನಿಂತಿತು. ತಿಂಗಳಿಡೀ ತಿರುವಿದ್ದ ಕ್ಲಿಕ್ಕುಗಳನ್ನೆಲ್ಲ ಅವಳು ಎಣಿಸಿ ಎಣಿಸಿ ಹಿಂದಕ್ಕೆ ತಂದಳು.

ಸರಾಸರಿ ನಿಧಾನಕ್ಕೆ ಇಳಿಯುತ್ತಿದ್ದರೆ ಸೀಲ್, ಸ್ಪ್ರಿಂಗ್ ಕಡೆ ನೋಡಿ. ಸರಾಸರಿ ಸರಿ ಇದ್ದು ಅಂತರ ಮಾತ್ರ ಜಾಸ್ತಿಯಾದರೆ ಮೊದಲು ಛರ್ರಾದ ಡಬ್ಬಿ ಬದಲಾಯಿಸಿ ನೋಡಿ, ಆಮೇಲೆ ಗಾಳಿಯ ಒತ್ತಡ ಒಂದೇ ಸಮ ಇಡುವ ರೆಗ್ಯುಲೇಟರ್. ಪೆಟ್ಟಿಗೆಯ ಮೇಲೇ ಅನುಮಾನ ಬಂದರೆ ಗೆಳೆಯರ ಇನ್ನೊಂದು ಪೆಟ್ಟಿಗೆಯನ್ನು ಅದರ ಹಿಂದೆ, ಅಂದರೆ ಗುರಿಯ ಕಡೆಗೆ, ಸಾಲಾಗಿಟ್ಟು ಹೊಡೆಯಿರಿ, ಮತ್ತೆ ಜಾಗ ಅದಲುಬದಲು ಮಾಡಿ ಹೊಡೆಯಿರಿ. ಹಿಂದಿರುವುದು ಯಾವತ್ತೂ ಸ್ವಲ್ಪ ಕಡಿಮೆ ತೋರಿಸಬೇಕು.

ಕೊಳ್ಳುವ ಮುಂಚೆ ಜೂಲ್ ಲೆಕ್ಕ

ವೇಗದಿಂದ ಶಕ್ತಿಯನ್ನೂ ತಿಳಿಯಬಹುದು. ಛರ್ರಾದ ತೂಕ ಗ್ರಾಂನಲ್ಲಿ, ವೇಗದಿಂದ ಎರಡು ಸಲ ಗುಣಿಸಿ, 2000ದಿಂದ ಭಾಗಿಸಿ. 0.53 ಗ್ರಾಂ, 172 ಮೀಟರ್ ಆದರೆ 7.8 ಜೂಲ್. ನಮ್ಮ 2016ರ ಆಯುಧ ನಿಯಮಗಳ ಪ್ರಕಾರ ಏರ್ ಗನ್ 20 ಜೂಲ್ ಮೀರಿದರೆ, ಅಥವಾ ನಳಿಗೆಯ ತೂತು 0.177 ಇಂಚಿಗಿಂತ ದೊಡ್ಡದಾದರೆ ಲೈಸೆನ್ಸ್ ಬೇಕು. ಜಾಹೀರಾತಿನಲ್ಲಿ “ಸೆಕೆಂಡಿಗೆ 1000 ಅಡಿ” ಅಂತ ದೊಡ್ಡದಾಗಿ ಬರೆದಿರುತ್ತಾರೆ. 0.33 ಗ್ರಾಂನ ಹಗುರ ಛರ್ರಾದಲ್ಲಿ ಆ ವೇಗ ಬಂದಿದ್ದರೆ ಅದು 15 ಜೂಲ್. 0.45 ಗ್ರಾಂನದರಲ್ಲಿ ಬಂದಿದ್ದರೆ 20 ದಾಟುತ್ತದೆ. ಯಾವ ತೂಕದ ಛರ್ರಾದಲ್ಲಿ ಅಳೆದಿರಿ ಅಂತ ಅಂಗಡಿಯಲ್ಲಿ ಕೇಳಿ, ಬರೆದು ಕೊಡಿ ಅನ್ನಿ.

ಇದನ್ನೆಲ್ಲ ಮೊದಲು ಅಳೆದವರು ಇಂಗ್ಲೆಂಡಿನ ಬೆಂಜಮಿನ್ ರಾಬಿನ್ಸ್. ಮರದ ತೂಗುದಿಮ್ಮಿಗೆ ಗುಂಡು ಹೊಡೆದು, ಅದು ಎಷ್ಟು ತೂಗಿತು ಎಂಬುದರಿಂದ ವೇಗ ಲೆಕ್ಕ ಹಾಕಿ 1742ರಲ್ಲಿ ಪ್ರಕಟಿಸಿದರು. ಈಸ್ಟ್ ಇಂಡಿಯಾ ಕಂಪನಿಯ ಎಂಜಿನಿಯರಾಗಿ ಬಂದು, 1751ರಲ್ಲಿ ಕಡಲೂರಿನ ಹತ್ತಿರದ ಕೋಟೆಯಲ್ಲಿ ತೀರಿಕೊಂಡರು. ಆ ದಿಮ್ಮಿಯ ಕೆಲಸ ಈಗ ಬ್ಯಾಗಿನಲ್ಲಿ ಹಿಡಿಯುತ್ತದೆ ಅಂತ ಮಗಳಿಗೆ ಹೇಳಿದಾಗ ಅವಳು ಪೆಟ್ಟಿಗೆಯನ್ನು ಮತ್ತೊಮ್ಮೆ ಕೈಯಲ್ಲಿ ತಿರುವಿ ನೋಡಿದಳು.

ಅಳತೆ ಮುಗಿದ ಮೇಲೆ ಬ್ಯಾಟರಿ ತೆಗೆದಿಡಿ, ಒಳಗೇ ಬಿಟ್ಟರೆ ಅದು ಸೋರಬಹುದು. ಕಣ್ಣುಗಳ ಮೇಲಿನ ಧೂಳನ್ನು ಮೆತ್ತನೆ ಬಟ್ಟೆಯಿಂದ ಒರೆಸಿ. ಛರ್ರಾ ಸೀಸದ್ದು, ಹಾಗಾಗಿ ಮಕ್ಕಳು ಊಟದ ಡಬ್ಬಿ ತೆರೆಯುವ ಮುಂಚೆ ಸೋಪು ಹಾಕಿ ಕೈ ತೊಳೆಯಲಿ.