ಟ್ಯೂಷನ್ ಇಲ್ಲದೆ ದ್ವಿತೀಯ ಪಿಯುಸಿ ಅರ್ಥಶಾಸ್ತ್ರ: ನನ್ನ ಅನುಭವ

ಟ್ಯೂಷನ್ ಹಚ್ಚದೆ ಅರ್ಥಶಾಸ್ತ್ರದ ರೇಖಾಚಿತ್ರ ತಲೆಗೆ ಹತ್ತುವುದಿಲ್ಲ ಅಂತ ರಾಯಚೂರಲ್ಲಿ ಹೇಳದವರಿಲ್ಲ. ಕೇಳಿದ ಫೀಸು ಎಂಟು ಸಾವಿರದ ಆಸುಪಾಸು. ನನಗಾದ ಖರ್ಚು ಏಳುನೂರು ದಾಟಿರಲಿಕ್ಕಿಲ್ಲ: ಅರ್ಧ ಬೆಲೆಯ ಹಳೇ ಪಠ್ಯಪುಸ್ತಕ, ಮೂರ್ನಾಲ್ಕು ಗ್ರಾಫ್ ಪುಸ್ತಕ, ಹಿಂದಿನ ಪ್ರಶ್ನೆಪತ್ರಿಕೆಗಳ ಜೆರಾಕ್ಸ್. ಥಿಯರಿಯ 80ರಲ್ಲಿ ಎಪ್ಪತ್ತರ ಮೇಲೆಯೇ ಬಂತು. ಈಗ ಅದೇ ಜನ ನೋಟ್ಸ್ ಕೇಳುತ್ತಾರೆ.

ಪುಸ್ತಕದ ಒಂದು ರೇಖೆಯನ್ನೂ ನೋಡಿ ತೆಗೆಯಲಿಲ್ಲ. ಮೊದಲು ಕೋಷ್ಟಕ, ಆಮೇಲೆ ಚುಕ್ಕೆ, ಕಡೆಗೆ ಗೆರೆ. ಗೈಡಿನ ಚಿತ್ರ ಬಾಯಿಪಾಠ ಮಾಡಿದರೆ ವಾರದೊಳಗೆ ಯಾವ ರೇಖೆ ಮೇಲೆ, ಯಾವುದು ಕೆಳಗೆ ಎಂಬುದೇ ಮರೆತಿರುತ್ತದೆ.

ವೆಚ್ಚದ ಅಧ್ಯಾಯಕ್ಕೆ ಬಳ್ಳಾರಿಯ ಜೀನ್ಸ್ ಹೊಲಿಯುವ ಘಟಕವನ್ನು ಉದಾಹರಣೆಯಾಗಿ ಇಟ್ಟುಕೊಂಡೆ, ಅಂಕಿಗಳು ನನ್ನವೇ. ಶೆಡ್ ಬಾಡಿಗೆ, ಅಂದರೆ ಸ್ಥಿರ ವೆಚ್ಚ, 120. ಒಂದರಿಂದ ಆರು ಕಟ್ಟು (ಬಂಡಲ್) ಜೀನ್ಸ್‌ಗೆ ಒಟ್ಟು ಬದಲಾಗುವ ವೆಚ್ಚ 60, 100, 150, 220, 320, 450. ಸೀಮಾಂತ ವೆಚ್ಚ, ಅಂದರೆ ಇನ್ನೊಂದು ಕಟ್ಟಿಗೆ ಹೆಚ್ಚಾಗುವ ವೆಚ್ಚ, 60, 40, 50, 70, 100, 130 ಆಗುತ್ತದೆ. ಸರಾಸರಿ ವೆಚ್ಚ 180, 110, 90, 85, 88, 95. ಸೀಮಾಂತ ರೇಖೆ ಸರಾಸರಿ ರೇಖೆಯನ್ನು ಅದರ ಕನಿಷ್ಠ ಬಿಂದುವಿನಲ್ಲಿ, ಅಂದರೆ 4ರಲ್ಲಿ, ಕತ್ತರಿಸಬೇಕಲ್ಲ? ಆದರೆ ಸೀಮಾಂತ ವೆಚ್ಚದ ಚುಕ್ಕೆಗಳನ್ನು ನೇರ 4, 5ರ ಮೇಲಿಟ್ಟರೆ ಕತ್ತರಿಸುವುದು ನಾಲ್ಕೂವರೆಯ ಹತ್ತಿರ. ಬಹಳ ಜನ ಇಲ್ಲಿ ಗೆರೆಯನ್ನು ಬಗ್ಗಿಸಿ ಕೂಡಿಸಿಬಿಡುತ್ತಾರೆ. ಸೀಮಾಂತ ವೆಚ್ಚ 70 ಎಂದರೆ ಮೂರರಿಂದ ನಾಲ್ಕಕ್ಕೆ ಹೋಗುವಾಗಿನ ಏರಿಕೆ. ಅದರ ಜಾಗ 3.5. ಹಾಗೆ 70ನ್ನು 3.5ಕ್ಕೆ, 100ನ್ನು 4.5ಕ್ಕೆ ಇಟ್ಟು ಗೆರೆ ಎಳೆಯಿರಿ, 4ರಲ್ಲಿ ಸರಿಯಾಗಿ 85ಕ್ಕೆ ಮುಟ್ಟುತ್ತದೆ.

ಇದೇ ಕೋಷ್ಟಕದಲ್ಲಿ ಬೆಲೆ 70 ಎಂದುಕೊಳ್ಳಿ. ನಾಲ್ಕು ಕಟ್ಟಿಗೆ ಆದಾಯ 280, ವೆಚ್ಚ 340, ನಷ್ಟ 60. ಆದರೂ ಘಟಕ ಮುಚ್ಚುವುದಿಲ್ಲ. ಮುಚ್ಚಿದರೆ ಬಾಡಿಗೆಯ 120 ಪೂರ್ತಿ ನಷ್ಟವಾಗುತ್ತದೆ. ಬೆಲೆ 50ಕ್ಕಿಂತ ಇಳಿದಾಗ ಮಾತ್ರ ಬೀಗ, ಏಕೆಂದರೆ ಸರಾಸರಿ ಬದಲಾಗುವ ವೆಚ್ಚದ ಕನಿಷ್ಠ ಮಟ್ಟವೇ 50. ‘ನಷ್ಟವಾದರೆ ಉತ್ಪಾದನೆ ನಿಲ್ಲಿಸುತ್ತದೆ’ ಅಂತ ಬರೆದವರ ಅಂಕ ಹೋಗುವುದು ಇಲ್ಲೇ.

ನಡುವೆ ಒಂದು ಹುಚ್ಚು ಪ್ರಯೋಗವೂ ಆಯಿತು. ಎಪಿಎಂಸಿಯ ಹತ್ತಿ ಧಾರಣೆ, ಆವಕ ಎರಡನ್ನೂ ಒಂದಷ್ಟು ದಿನ ಗುರುತು ಹಾಕಿಕೊಂಡು ಬೇಡಿಕೆ ರೇಖೆ ತೆಗೆಯಲು ಹೊರಟಿದ್ದು. ಗೆರೆ ಬರಲಿಲ್ಲ, ಚೆಲ್ಲಾಪಿಲ್ಲಿ ಚುಕ್ಕೆ ಬಂತು. ಬರುವುದೂ ಇಲ್ಲ. ಪ್ರತಿದಿನದ ಧಾರಣೆ ಬೇಡಿಕೆ ಮತ್ತು ಪೂರೈಕೆ ಕೂಡುವ ಬಿಂದು, ಎರಡೂ ರೇಖೆ ದಿನಾ ಜರುಗುತ್ತವೆ. ಪರೀಕ್ಷೆಗೆ ಇದು ಬೇಕಿಲ್ಲ, ಆದರೆ ರೇಖೆಯ ಮೇಲಿನ ಚಲನೆ ಬೇರೆ, ರೇಖೆಯೇ ಪಲ್ಲಟಗೊಳ್ಳುವುದು ಬೇರೆ ಎಂಬುದು ಆಮೇಲೆ ಒಮ್ಮೆಯೂ ಗೊಂದಲವಾಗಲಿಲ್ಲ.

ರಾಷ್ಟ್ರೀಯ ಆದಾಯಕ್ಕೆ ಗಂಗಾವತಿಯ ಭತ್ತ ಸಾಕು. ರೈತ 2,000ಕ್ಕೆ ಭತ್ತ ಮಾರಿದ, ಮಿಲ್ಲಿನವರು ಅಕ್ಕಿ ಮಾಡಿ 3,200ಕ್ಕೆ, ಅಂಗಡಿಯವ 3,600ಕ್ಕೆ. ಎಲ್ಲ ಕೂಡಿಸಿದರೆ 8,800, ತಪ್ಪು, ಒಂದೇ ಭತ್ತದ ಬೆಲೆ ಮತ್ತೆ ಮತ್ತೆ ಸೇರುತ್ತದೆ. ರೈತನಿಗೆ ಹೊರಗಿನ ಖರೀದಿ ಇಲ್ಲವೆಂದು ಹಿಡಿದರೆ ಮೌಲ್ಯವರ್ಧನೆ, ಅಂದರೆ ಮಾರಿದ ಬೆಲೆಯಲ್ಲಿ ಕೊಂಡ ಬೆಲೆ ಕಳೆದದ್ದು, 2,000, 1,200, 400. ಒಟ್ಟು 3,600, ಕೊನೆಯ ಬೆಲೆಯಷ್ಟೇ. ಬೀಜ, ಗೊಬ್ಬರ ಕೊಂಡಿದ್ದರೆ ಮೊದಲು ಅದನ್ನು ಕಳೆಯಿರಿ.

ಗುಣಕವನ್ನು, ಅಂದರೆ ಮೊದಲ ಖರ್ಚು ಒಟ್ಟು ಆದಾಯವನ್ನು ಎಷ್ಟು ಪಟ್ಟು ಹೆಚ್ಚಿಸುತ್ತದೆ ಎಂಬುದನ್ನು, ಸೂತ್ರದಿಂದ ಶುರು ಮಾಡಬೇಡಿ. ಸೀಮಾಂತ ಅನುಭೋಗ ಪ್ರವೃತ್ತಿ (ಹೆಚ್ಚಿಗೆ ಬಂದ ಆದಾಯದಲ್ಲಿ ಖರ್ಚಾಗುವ ಪಾಲು) 0.8 ಇದ್ದರೆ 100, 80, 64, 51.2 ಹೀಗೆ ಕೈಯಲ್ಲೇ ಕೂಡಿಸುತ್ತ ಹೋಗಿ. ಹತ್ತು ಸುತ್ತಿಗೆ 446ರ ಹತ್ತಿರ ಬರುತ್ತದೆ. ಸೂತ್ರ ಕೊಡುವ 500 ಎಲ್ಲಿಂದ ಬಂತೆಂದು ಆಗ ಕೇಳಬೇಕಾಗಿಲ್ಲ.

ಆರು ಅಂಕದ ಉತ್ತರಕ್ಕೆ ಚಿತ್ರ ಮೊದಲು, ವಿವರಣೆ ಆಮೇಲೆ. ಅಕ್ಷಗಳಿಗೆ ಹೆಸರು ಬರೆಯದೆ ಗೆರೆ ಎಳೆಯಬೇಡಿ. ಯಾವ ಪ್ರಶ್ನೆ ಮೊದಲು ಹಿಡಿಯಬೇಕೆಂಬ ಲೆಕ್ಕ ನನ್ನ ಹತ್ತಿರವೇ ಇರಲಿ, ನನ್ನ ತಮ್ಮ ಇನ್ನೂ ಪರೀಕ್ಷೆ ಬರೆಯುವುದಿದೆ.