ಹುಚ್ಚು ಕೊಟ್ಟ ಎರಡು ಸಾಲು

ಕಲಬುರಗಿಯಲ್ಲಿ ಕವಿಗೋಷ್ಠಿ ಇದ್ದರೆ ಯಾರಾದರೊಬ್ಬರು ಈ ಮಾತು ಆಡಿಯೇ ಆಡುತ್ತಾರೆ: ಕವಿ ಆಗಬೇಕಾದರೆ ಸ್ವಲ್ಪ ಹುಚ್ಚು ಇರಬೇಕು. ಮಾತೇನೂ ಹೊಸದಲ್ಲ. ಗ್ರೀಸಿನ ಪ್ಲೇಟೋ ‘ಅಯಾನ್’ ಅನ್ನೋ ಸಂವಾದದಲ್ಲಿ ಸಾಕ್ರಟೀಸನ ಬಾಯಿಂದ ಇದನ್ನೇ ಹೇಳಿಸುತ್ತಾನೆ, ಬುದ್ಧಿ ಸ್ಥಿಮಿತದಲ್ಲಿ ಇರೋ ತನಕ ಕವಿಗೆ ಪದ್ಯ ಹುಟ್ಟಲ್ಲ ಅಂತ. ನಾನು ಅರ್ಧ ಒಪ್ಪುತ್ತೇನೆ.

2020ರ ಅಕ್ಟೋಬರ್‌ನಲ್ಲಿ ಭೀಮಾ ನದಿ ಉಕ್ಕಿತ್ತಲ್ಲ, ಅದರ ಬಗ್ಗೆ ಬರೆಯಬೇಕು ಅಂತ ಕೂತಾಗೆಲ್ಲ ಪೇಪರ್ ಸುದ್ದಿಯೇ ಬರುತ್ತಿತ್ತು. ಬಹಳ ದಿನ ಆದ ಮೇಲೆ, ಜೇವರ್ಗಿ ಬಸ್ಸು ಭೀಮೆಯ ಮೇಲಿನ ಕಟ್ಟಿಸಂಗಾವಿ ಸೇತುವೆ ದಾಟುವಾಗ, ಸುಮ್ನೆ ಕೂತಿದ್ದವನ ಬಾಯಿಗೆ ಇದು ಬಂತು: ‘ಭೀಮೆ ತುಂಬಿ ಬಂದ ವರ್ಷ, ಅವ್ವ ತಲೆಗೆ ಎಣ್ಣೆ ಹಚ್ಚಲಿಲ್ಲ.’ ಎಣ್ಣೆ ಎಲ್ಲಿಂದ ಬಂತೋ ಗೊತ್ತಿಲ್ಲ. ಪಕ್ಕದವರು ನೋಡುತ್ತಿದ್ದರೂ ಗೊಣಗುತ್ತಾ ಮೊಬೈಲಲ್ಲಿ ರೆಕಾರ್ಡ್ ಮಾಡಿಕೊಂಡೆ. ಹುಚ್ಚು ಅಂದ್ರೆ ನನ್ನ ಪಾಲಿಗೆ ಇಷ್ಟೇ.

ಮನೆಗೆ ಬಂದು ತೊಡೆ ತಟ್ಟಿ ಓದಿದೆ. ಮೂರು ಮೂರು ಮಾತ್ರೆಯ ನಡೆ. ಮಾತ್ರೆ ಅಂದ್ರೆ ಒಂದು ಹ್ರಸ್ವ ಅಕ್ಷರ ಹೇಳುವಷ್ಟು ಹೊತ್ತು, ಇಲ್ಲಿ ಅಂಥ ಮೂರು ಸೇರಿದರೆ ಒಂದು ಗಣ. ಮೊದಲ ಸಾಲಲ್ಲಿ ನಾಲ್ಕು ಗಣ, ಎರಡನೆಯದರಲ್ಲಿ ಐದು. ‘ತಲೆಗೆ’ ತೆಗೆದೆ, ಸರಿಹೋಯಿತು. ಇನ್ನೊಂದು ಲಾಭವೂ ಆಯಿತು: ಅವ್ವ ಎಣ್ಣೆ ಹಚ್ಚದಿದ್ದದ್ದು ತನ್ನ ತಲೆಗಾ, ಮಕ್ಕಳ ತಲೆಗಾ? ಓದುವವರೇ ಯೋಚಿಸಲಿ.

ಮುಂದಿನ ಸಾಲಿಗೆ ಯಾವ ಹುಚ್ಚೂ ಸಹಾಯಕ್ಕೆ ಬರಲಿಲ್ಲ. ‘ಬೆಳೆ ಕೊಳೆತು ಹೋಯಿತು’ ಅಂತ ಬರೆದು ಹೊಡೆದು ಹಾಕಿದೆ, ಅದೂ ಪೇಪರ್ ಮಾತೇ. ಹೊಲ ಮಾಡುವ ನೆಂಟರನ್ನು ಕೇಳಿದೆ. ನೀರು ನಿಂತರೆ ತೊಗರಿಯ ಬೇರು ಮೊದಲು ಹೋಗುತ್ತೆ, ಮೇಲಿನ ಹೂವು ಸ್ವಲ್ಪ ದಿನ ಹಾಗೇ ಇರುತ್ತೆ ಅಂದರು. ಅದನ್ನು ಹಿಡಿದು, ಬರೆದು, ಅಳಿಸಿ, ಕೊನೆಗೆ ಹೀಗಾಯಿತು:

ಭೀಮೆ ತುಂಬಿ ಬಂದ ವರ್ಷ
ಅವ್ವ ಎಣ್ಣೆ ಹಚ್ಚಲಿಲ್ಲ
ಹೊಲದ ತೊಗರಿ ನೀರಿನೊಳಗೆ
ಹೂವ ಬಿಟ್ಟು ನಿಂತಿತಲ್ಲ

ನಮ್ಮ ಕಡೆ ಕಡಕೋಳ ಮಡಿವಾಳಪ್ಪನವರ ತತ್ವಪದ ಹಾಡುವವರನ್ನು ಅಮಾವಾಸ್ಯೆ ಭಜನೆಯಲ್ಲಿ ನೋಡಬೇಕು. ನಡುರಾತ್ರಿ ದಾಟಿದ ಮೇಲೆ ಕಣ್ಣು ಮುಚ್ಚಿ ತೂಗುತ್ತಾರೆ, ಮೈ ಮೇಲೆ ಖಬರಿಲ್ಲ ಅನ್ನಿಸುತ್ತೆ. ತಾಳ ಮಾತ್ರ ತಪ್ಪಲ್ಲ. ಸೇಡಂ ತಾಲೂಕಿನ ಮಳಖೇಡದಲ್ಲಿ, ರಾಷ್ಟ್ರಕೂಟ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ‘ಕವಿರಾಜಮಾರ್ಗ’ವೂ ಹಾಗೇ. ಓದದೆಯೇ ಕಾವ್ಯ ಬಲ್ಲ ಜನ ಅಂತ ಕನ್ನಡಿಗರನ್ನು ಹೊಗಳುತ್ತೆ, ‘ಕುರಿತೋದದೆಯುಂ’ ಅಂತ. ಆಮೇಲೆ ಮೂರು ಪರಿಚ್ಛೇದದ ಉದ್ದಕ್ಕೂ ಯಾವುದು ದೋಷ, ಯಾವುದು ಅಲಂಕಾರ ಅಂತ ಪಾಠ ಹೇಳುತ್ತೆ! ಓದದೇ ಬಲ್ಲವರಿಗೆ ಇಷ್ಟು ಪಾಠ ಯಾಕೆ ಬೇಕಿತ್ತು, ಅಲ್ವಾ?

ನಿಜವಾದ ಮನೋರೋಗ ಬೇರೆ. ಅದು ಬಂದವರನ್ನು ಹತ್ತಿರದಿಂದ ನೋಡಿದ್ದೇನೆ. ಆ ಹೊತ್ತಲ್ಲಿ ಅವರಿಗೆ ಒಂದು ಚೀಟಿ ಬರೆಯಲೂ ಆಗುತ್ತಿರಲಿಲ್ಲ. ಕವಿ ಆಗಲಿ ಅಂತ ಯಾರೂ ಔಷಧ ಬಿಡಬಾರದು.

ಮೊನ್ನೆ ಈ ಪದ್ಯ ಓದಿದಾಗ ಹಿರಿಯರೊಬ್ಬರು, ‘ಆ ತೊಗರಿ ಹೂವಿನ ಸಾಲು ಒಮ್ಮೆಲೇ ಹೊಳೆದಿರಬೇಕು ನೋಡ್ರಿ’ ಅಂದರು. ಎಣ್ಣೆಯ ಸುದ್ದಿಯನ್ನೇ ಎತ್ತಲಿಲ್ಲ. ನಾನು ನಕ್ಕು ಹೌದ್ರಿ ಅಂದೆ.