ರಾಸಾಯನಿಕ ಸುರಕ್ಷತೆಗೆ ದುಡಿಯುವವರನ್ನು ಗುರುತಿಸುವಾಗ
ರಾಸಾಯನಿಕಗಳ ಅಪಾಯ ತಗ್ಗಿಸಲು ದುಡಿಯುವವರು ನಮ್ಮ ನಡುವೆಯೇ ಇರುತ್ತಾರೆ. ಅವರಿಗೆ ಸುಮ್ನೆ ಚಪ್ಪಾಳೆ ತಟ್ಟಿ ಕಳಿಸಬೇಡಿ. ಏನು ಬದಲಾಯಿಸಿದರು ಅಂತ ಎಲ್ಲರೆದುರು ಬಿಡಿಸಿ ಹೇಳಿ.

ಬ್ಲೀಚ್‌ಗೆ ಟಾಯ್ಲೆಟ್ ತೊಳೆಯುವ ಆಸಿಡ್ ಬೆರೆತರೆ ವಿಷಕಾರಿ ಕ್ಲೋರಿನ್ ಅನಿಲ ಏಳುತ್ತದೆ. ಇವೆರಡನ್ನೂ ಬೇರೆ ಬೇರೆ ಕಪಾಟಿನಲ್ಲಿಟ್ಟು, ಹೆಸರಿನ ಚೀಟಿ ಅಂಟಿಸಿದ ಸ್ವಚ್ಛತಾ ಕೆಲಸಗಾರರ ಹೆಸರು ಮೊದಲು ಬರಲಿ. ಆಗದೇ ಹೋದ ಅನಾಹುತ ಯಾರ ಕಣ್ಣಿಗೂ ಬೀಳುವುದಿಲ್ಲ, ಅಲ್ವಾ? ಕೀಟನಾಶಕವನ್ನು ನೀರಿನ ಬಾಟಲಿಗೆ ಸುರಿದಿಡುವ ರೂಢಿ ಬಿಡಿಸಿದವರೂ ಅಷ್ಟೇ ದೊಡ್ಡ ಕೆಲಸ ಮಾಡಿದ್ದಾರೆ. ಮಕ್ಕಳು ನೀರೆಂದು ಕುಡಿದುಬಿಡುವ ಭಯ ಅದರಿಂದ ತಪ್ಪುತ್ತದೆ.

ಫೋಟೊ ಹಾಕುವ ಮೊದಲು ಒಪ್ಪಿಗೆ ಕೇಳಿ. ಅವರಿಗೆ ಬೇಕಾದ ಕೈಗವಸು, ರಕ್ಷಣಾ ಕನ್ನಡಕ ಕೊಡಿಸಿ. ನನಗಂತೂ ಪ್ರಶಸ್ತಿ ಪತ್ರಕ್ಕಿಂತ ಅದೇ ಮೇಲು ಅನಿಸುತ್ತದೆ.